‘ಕನ್ನಡಿಗರು ಸೇಫ್’ ಆದ ಮೇಲಿನ ಸುದ್ದಿ

ಕನ್ನಡ ಪತ್ರಿಕೆ ಮತ್ತು ಸುದ್ದಿವಾಹಿನಿಗಳ ಸಂಪಾದಕರಿಗೆ,

ನಮಸ್ಕಾರ.

ನಮ್ಮ ಅಪಾರ್ಟ್‌ಮೆಂಟಿನ ಗೇಟಿನಲ್ಲಿ ನೇಪಾಳದ ಒಬ್ಬ ವಾಚ್‌ಮನ್ ಇದ್ದಾನೆ. ಅವನ ಹೆಸರು ಬಹದ್ದೂರ್ ಅಲ್ಲ. ಆದರೂ ಹದಿನಾರು ಮನೆಯವರೂ ಅವನನ್ನು ಹಾಗೇ ಕರೆಯುವುದು. ಅವನಿಗಿಂತ ಮುಂಚೆ ಇದ್ದವನನ್ನೂ ಹಾಗೇ ಕರೆಯುತ್ತಿದ್ದರು. 2023ರ ನವೆಂಬರ್ 4ರ ಬೆಳಿಗ್ಗೆ ಹಾಲು ತರಲು ಕೆಳಗಿಳಿದಾಗ ಅವನು ಕುರ್ಚಿಯಲ್ಲಿ ಇರಲಿಲ್ಲ. ಗೇಟಿನ ಹೊರಗೆ ಮೊಬೈಲ್ ಹಿಡಿದು ಅತ್ತಿಂದಿತ್ತ ಓಡಾಡುತ್ತಿದ್ದ. ಹಿಂದಿನ ರಾತ್ರಿ ಹನ್ನೊಂದೂವರೆ ದಾಟಿದ ಮೇಲೆ ಪಶ್ಚಿಮ ನೇಪಾಳದ ಜಾಜರ್‌ಕೋಟ್‌ನಲ್ಲಿ ಭೂಕಂಪವಾಗಿತ್ತು. ಅವನ ಊರು ಪಕ್ಕದ ಪಶ್ಚಿಮ ರುಕುಂ ಜಿಲ್ಲೆಯಲ್ಲಿ. ಅಕ್ಕನ ಮನೆಗೆ ಫೋನ್ ಹೋಗುತ್ತಿರಲಿಲ್ಲ.

“ಸಾಬ್, ಟಿವಿ ನೋಡಿ ಹೇಳ್ತೀರಾ?” ಅಂದ.

ಮೇಲೆ ಬಂದು ಟಿವಿ ಹಾಕಿದೆ. ಭೂಕಂಪದ ಸುದ್ದಿ ಬರುತ್ತಿತ್ತು. ಆದರೆ ತೋರಿಸುತ್ತಿದ್ದದ್ದು ದೆಹಲಿ, ನೋಯ್ಡಾದ ಮನೆಗಳಲ್ಲಿ ತೂಗಾಡಿದ ಫ್ಯಾನು. ಅಪಾರ್ಟ್‌ಮೆಂಟಿನ ಕೆಳಗೆ ನೈಟಿ, ಚಡ್ಡಿಯಲ್ಲಿ ಬಂದು ನಿಂತ ಜನ. ಆಮೇಲೆ ಚಿನ್ನಸ್ವಾಮಿ ಕ್ರೀಡಾಂಗಣ ಬಂತು. ಅವತ್ತು ಇಲ್ಲಿ ನ್ಯೂಜಿಲೆಂಡ್–ಪಾಕಿಸ್ತಾನ ವಿಶ್ವಕಪ್ ಪಂದ್ಯ. ಮಳೆ ಬರುತ್ತಾ ಇಲ್ವಾ ಅನ್ನೋದೇ ಊರಿನ ಮಾತು. ನಾನು ಕೆಳಗೆ ಹೋಗಿ ಅವನಿಗೆ ಏನು ಹೇಳಲಿ? ನೋಯ್ಡಾದಲ್ಲಿ ಫ್ಯಾನ್ ಅಲ್ಲಾಡಿತಂತೆ ಅಂತ ಹೇಳಲಾ?

ಮಾರನೇ ದಿನದ ಪೇಪರಿನ ಹೊತ್ತಿಗೆ ಸತ್ತವರ ಸಂಖ್ಯೆ 150 ದಾಟಿತ್ತು. ನಾನು ತರಿಸುವ ಪತ್ರಿಕೆಯಲ್ಲಿ ಮುಖಪುಟದ ಕೆಳಗೆ ಒಂದು ಬಾಕ್ಸ್, ಉಳಿದದ್ದು ಒಳಪುಟದಲ್ಲಿ. ಮೂರನೇ ದಿನ ಅದೂ ಇಲ್ಲ. ವಾಚ್‌ಮನ್‌ಗೆ ಕನ್ನಡ ಓದಲು ಬರುವುದಿಲ್ಲ, ಫೋಟೋ ನೋಡಿದ. ಕುಸಿದ ಕಲ್ಲುಮಣ್ಣಿನ ಗೋಡೆ, ಪಕ್ಕದಲ್ಲಿ ತಲೆ ಮೇಲೆ ಕೈ ಹೊತ್ತ ಹೆಂಗಸು. “ಇದು ಯಾವ ಹಳ್ಳಿ ಸಾಬ್?” ಎಂದು ಕೇಳಿದ. ಫೋಟೋದ ಕೆಳಗೆ ಹಳ್ಳಿಯ ಹೆಸರಿರಲಿಲ್ಲ.

ಆ ಹೆಸರು ಹಾಕದ ಮನುಷ್ಯ ಎಂಥವನು ಅಂತ ನನಗೆ ಚೆನ್ನಾಗಿ ಗೊತ್ತು. ಇಪ್ಪತ್ತಾರು ವರ್ಷ ಒಂದು ಕನ್ನಡ ಪತ್ರಿಕೆಯ ಡೆಸ್ಕಿನಲ್ಲಿ ಕೂತು ನಾನು ಮಾಡಿದ್ದೂ ಅದೇ. 2022ರ ಕೊನೆಗೆ ರಿಟೈರ್ ಆದೆ. 2023 ನಾನು ಬರೀ ಓದುಗನಾಗಿ ಪೇಪರ್ ಓದಿದ ಮೊದಲ ವರ್ಷ. ಆಗಲೇ ಈ ಪತ್ರ ಮನಸ್ಸಿನಲ್ಲಿ ಶುರುವಾಗಿದ್ದು. ನಿಮ್ಮ ಮೇಲಿನ ದೂರು ಅಂತ ಓದಿದರೆ ಅರ್ಧ ಮಾತ್ರ ಓದಿದ ಹಾಗೆ. ಉಳಿದರ್ಧ ನನ್ನ ಮೇಲಿನದು.

ರಾತ್ರಿ ಹತ್ತಕ್ಕೆ ದೇಶ–ವಿದೇಶದ ಪುಟ ಕಟ್ಟುವಾಗ ಏನಾಗುತ್ತದೆ ಅಂತ ನಿಮಗೆ ಹೇಳಬೇಕಿಲ್ಲ. ಈ ಪತ್ರ ಓದುವ ಬೇರೆಯವರಿಗೆ ಹೇಳುತ್ತೇನೆ. ಸುದ್ದಿ ಏಜೆನ್ಸಿಯಿಂದ ಇಂಗ್ಲಿಷ್ ಕಾಪಿ ಒಂದರ ಮೇಲೊಂದು ಬಂದು ಬೀಳುತ್ತಿರುತ್ತದೆ. ಪುಟದ ಕೆಳಗಿನ ಅರ್ಧ ಜಾಹೀರಾತು. ಉಳಿದ ಜಾಗಕ್ಕೆ ಏಳೆಂಟು ಸುದ್ದಿ ಸಾಕು. ಎಲ್ಲೋ ದೋಣಿ ಮಗುಚಿ ಅರವತ್ತು ಸಾವು ಅಂತ ಬಂತು ಅನ್ನಿ. ಮೊದಲ ಪ್ರಶ್ನೆ: ‘ಭಾರತೀಯರು ಇದ್ದಾರಾ?’ ಇದ್ದರೆ ಎರಡನೇ ಪ್ರಶ್ನೆ: ‘ಕನ್ನಡಿಗರು?’ ಎರಡಕ್ಕೂ ಇಲ್ಲ ಅಂದರೆ ಅದು ಸಿಂಗಲ್ ಕಾಲಂ. ಜಾಗ ಉಳಿದರೆ ಹೋಗುತ್ತದೆ, ಉಳಿಯದಿದ್ದರೆ ಕಸದ ಬುಟ್ಟಿಗೆ. ಇದನ್ನು ಯಾರೂ ನಿಯಮ ಅಂತ ಬರೆದಿಟ್ಟಿಲ್ಲ. ಹೊಸದಾಗಿ ಸೇರಿದ ಹುಡುಗ ಹುಡುಗಿಯರು ಮೂರು ತಿಂಗಳಲ್ಲಿ ತಾವೇ ಕಲಿತುಬಿಡುತ್ತಾರೆ. ಕಲಿಯದವರಿಗೆ ನಾನು ಕಲಿಸಿದ್ದೇನೆ.

ಈಗ 2012ರ ವಿಷಯ ಹೇಳಬೇಕು. ಇದನ್ನು ಹೇಳದೆ ನನಗೆ ಬೇರೆಯವರ ತಪ್ಪು ಎತ್ತಿ ಆಡುವ ಅಧಿಕಾರ ಇಲ್ಲ.

ಆ ವರ್ಷ ಜುಲೈನಲ್ಲಿ ಅಸ್ಸಾಮಿನ ಕೊಕ್ರಝಾರ್ ಕಡೆ ಬೋಡೊಗಳು ಮತ್ತು ಮುಸ್ಲಿಮರ ನಡುವೆ ಗಲಭೆ ಶುರುವಾಯಿತು. ಹಳ್ಳಿಗಳು ಸುಟ್ಟವು. ನೋಡನೋಡುತ್ತಲೇ 4 ಲಕ್ಷದಷ್ಟು ಜನ ಶಿಬಿರ ಸೇರಿದರು. ನಮ್ಮ ಡೆಸ್ಕಿಗೆ ದಿನಾ ಕಾಪಿ ಬರುತ್ತಿತ್ತು. ಜುಲೈ 27ಕ್ಕೆ ಲಂಡನ್ ಒಲಿಂಪಿಕ್ಸ್ ಶುರುವಾಯಿತು. ಭಾರತಕ್ಕೆ ಆ ಸಲ 6 ಪದಕ. ಮೇರಿ ಕೋಮ್ ಕಂಚು ಗೆದ್ದ ದಿನ ಈಶಾನ್ಯ ಭಾರತಕ್ಕೆ ಇಡೀ ಮುಖಪುಟ ಕೊಟ್ಟೆವು. ಕೊಕ್ರಝಾರ್‌ಗೆ ಆರು ಸಾಲು. ಆ ಹೆಸರನ್ನು ಕನ್ನಡದಲ್ಲಿ ‘ಝಾ’ ಹಾಕಿ ಬರೆಯಬೇಕೋ ‘ಜಾ’ ಸಾಕೋ ಅಂತ ನಾವು ಮೂವರು ಕಾಲು ಗಂಟೆ ವಾದ ಮಾಡಿದ್ದು ನೆನಪಿದೆ. ಅಲ್ಲಿ ಏನಾಗುತ್ತಿದೆ ಅಂತ ಕಾಲು ಗಂಟೆ ಮಾತಾಡಿದ್ದು ನೆನಪಿಲ್ಲ.

ಆಗಸ್ಟ್ 15ರ ಸಂಜೆ ಕೊಕ್ರಝಾರ್ ನಮ್ಮ ಮೆಜೆಸ್ಟಿಕ್‌ಗೇ ಬಂತು. ಅಸ್ಸಾಮಿನ ಗಲಭೆಗೆ ಪ್ರತೀಕಾರವಾಗಿ ರಂಜಾನ್ ಹಬ್ಬದ ಹೊತ್ತಿಗೆ ಈಶಾನ್ಯದವರ ಮೇಲೆ ದಾಳಿಯಾಗುತ್ತದೆ ಅಂತ ಎಸ್‌ಎಂಎಸ್ ಹರಿದಾಡಿತ್ತು. ಸಿಟಿ ರೈಲ್ವೆ ಸ್ಟೇಷನ್ ತುಂಬಾ ಬ್ಯಾಗು, ಬಕೆಟ್ಟು, ಗಿಟಾರು ಹಿಡಿದ ಹುಡುಗ ಹುಡುಗಿಯರು. ಸಾವಿರಾರು ಜನ. ಗುವಾಹಟಿಗೆ ವಿಶೇಷ ರೈಲು ಬಿಡಬೇಕಾಯಿತು. ಹೋಗಬೇಡಿ ಅಂತ ಸಚಿವರು ಪ್ಲಾಟ್‌ಫಾರಂನಲ್ಲಿ ನಿಂತು ಕೇಳಿಕೊಂಡರು. ಒಬ್ಬರು ಒಂದು ಸಲಕ್ಕೆ ಐದಕ್ಕಿಂತ ಜಾಸ್ತಿ ಎಸ್‌ಎಂಎಸ್ ಕಳಿಸುವಂತಿಲ್ಲ ಅಂತ ಕೇಂದ್ರ ಸರ್ಕಾರ ಹದಿನೈದು ದಿನದ ನಿರ್ಬಂಧ ಹಾಕಿತು. ಅವತ್ತು ರಾತ್ರಿ ಪಾಳಿಗೆ ಹೋದರೆ ನಮ್ಮ ಪ್ರೆಸ್ಸಿನ ಗೇಟಿನಲ್ಲಿ ಸೆಕ್ಯುರಿಟಿ ಇಲ್ಲ. ಎರಡು ವರ್ಷದಿಂದ ದಿನಾ ನನಗೆ ಸೆಲ್ಯೂಟ್ ಹೊಡೆಯುತ್ತಿದ್ದ ಹುಡುಗ. ಬೀಗದ ಕೈ ರಿಜಿಸ್ಟರ್ ಮೇಲಿಟ್ಟು ಹೊರಟುಹೋಗಿದ್ದ, ಸಂಬಳ ಕೂಡ ತಗೊಂಡಿರಲಿಲ್ಲ. ಅವನು ಅಸ್ಸಾಮಿನವನು, ಊರು ಬೊಂಗೈಗಾಂವ್ ಕಡೆ ಅಂತ ಆಮೇಲೆ ಸೂಪರ್‌ವೈಸರ್ ಹೇಳಿದ. ನಾನು ಆರು ಸಾಲಿಗೆ ಇಳಿಸಿದ ಸುದ್ದಿ ಅವನ ಮನೆ ಪಕ್ಕದ್ದು. ಮೂರು ವಾರ ನಾನು ಅವನ ಎದುರಿಗೇ ಓಡಾಡಿದ್ದೆ.

ನಾವು ಸರಿಯಾಗಿ ಬರೆದಿದ್ದರೆ ವದಂತಿ ನಿಲ್ಲುತ್ತಿತ್ತು ಅಂತ ಕೊಚ್ಚಿಕೊಳ್ಳಲಾರೆ. ರೈಲು ಹತ್ತಿದವರು ಕನ್ನಡ ಪೇಪರ್ ಓದುವವರೂ ಅಲ್ಲ. ಆದರೆ ಅವರ ಮನೆ ಓನರ್ ಓದುತ್ತಿದ್ದರು. ಅವರು ಕೆಲಸ ಮಾಡುವ ಹೋಟೆಲಿನ ಯಜಮಾನರು, ಅವರ ಬೀಟಿನ ಕಾನ್‌ಸ್ಟೇಬಲ್ ಓದುತ್ತಿದ್ದರು. ‘ಏನಪ್ಪಾ, ನಿಮ್ಮ ಕಡೆ ಹಿಂಗಂತೆ, ಮನೆಯವರು ಹುಷಾರಾಗಿದ್ದಾರಾ?’ ಅಂತ ಒಂದು ಮಾತು ಕೇಳುವಷ್ಟು ವಿಷಯವನ್ನಾದರೂ ನಾವು ಅವರಿಗೆ ಕೊಡಬೇಕಿತ್ತು, ಅಲ್ವಾ? ಕೊಡಲಿಲ್ಲ. ಹಾಗಾಗಿ ಮೊದಲು ಮಾತಾಡಿಸಿದ್ದು ಎಸ್‌ಎಂಎಸ್.

ಒಲಿಂಪಿಕ್ಸ್ ಮಾತು ಸುಮ್ನೆ ಎತ್ತಲಿಲ್ಲ. ಥಾಮಸ್ ಐಸೆನ್ಸೀ, ಡೇವಿಡ್ ಸ್ಟ್ರೋಮ್‌ಬರ್ಗ್ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು 2007ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. 1968ರಿಂದ 2002ರವರೆಗಿನ ಸುಮಾರು 5,000 ನೈಸರ್ಗಿಕ ವಿಕೋಪಗಳನ್ನು ತೆಗೆದುಕೊಂಡು, ಅಮೆರಿಕದ ಟಿವಿಯಲ್ಲಿ ಯಾವುದು ಬಂತು, ಯಾವುದಕ್ಕೆ ಸರ್ಕಾರದ ನೆರವು ಹೋಯಿತು ಅಂತ ನೋಡಿದರು. ಒಲಿಂಪಿಕ್ಸ್ ನಡೆಯುವಾಗ ಆದ ವಿಕೋಪ ಟಿವಿಯಲ್ಲಿ ಕಡಿಮೆ ಬಂತು, ಅದಕ್ಕೆ ನೆರವೂ ಕಡಿಮೆ ಹೋಯಿತು. ಜ್ವಾಲಾಮುಖಿಯಿಂದ ಒಬ್ಬ ಸತ್ತರೆ ಸುದ್ದಿಯಾಗುವ ಸಾಧ್ಯತೆ ಎಷ್ಟೋ, ಹಸಿವಿನಿಂದ ಅಷ್ಟೇ ಸುದ್ದಿಯಾಗಲು ಸುಮಾರು 40,000 ಜನ ಸಾಯಬೇಕಿತ್ತು. ಬೆಂಕಿ ಉಗುಳುವ ಬೆಟ್ಟ ಟಿವಿಗೆ ಚೆನ್ನಾಗಿ ಕಾಣುತ್ತದೆ. ಒಣಗಿದ ಹೊಲದಲ್ಲಿ ತೋರಿಸಲು ಏನಿದೆ? ಯುರೋಪಿನ ಒಂದು ಸಾವಿಗೆ ಆಫ್ರಿಕಾದ 45 ಸಾವು ಅಂತ ಇನ್ನೊಂದು ಲೆಕ್ಕವೂ ಅದರಲ್ಲಿದೆ. ನಮ್ಮ ಡೆಸ್ಕಿನ ಲೆಕ್ಕವನ್ನು ಯಾರೂ ಹೀಗೆ ತೆಗೆದಿಲ್ಲ. ತೆಗೆದರೆ ನನಗೆ ತಲೆ ಎತ್ತಲು ಆಗುವುದಿಲ್ಲ.

ಇನ್ನು 2023. ಆ ವರ್ಷದ ಏಪ್ರಿಲ್‌ನಿಂದ ಶುರು ಮಾಡುತ್ತೇನೆ. ನಾನು ಜಾಸ್ತಿ ಹೇಳಬೇಕಾಗಿರುವುದು ಇದರ ಬಗ್ಗೆಯೇ.

ಏಪ್ರಿಲ್ 15ರಂದು ಸುಡಾನಿನಲ್ಲಿ ಅಲ್ಲಿನ ಸೇನೆಗೂ ಆರ್‌ಎಸ್‌ಎಫ್ ಎಂಬ ಅರೆಸೇನಾ ಪಡೆಗೂ ಯುದ್ಧ ಹತ್ತಿಕೊಂಡಿತು. ಎರಡು ಮೂರು ದಿನ ಒಳಪುಟದ ಸುದ್ದಿ. ಆಮೇಲೆ ಒಮ್ಮೆಲೇ ಮುಖಪುಟಕ್ಕೆ ಹಾರಿತು. ಯಾಕಂದರೆ ನಮ್ಮ ಹಕ್ಕಿಪಿಕ್ಕಿ ಜನ ಅಲ್ಲಿ ಸಿಕ್ಕಿಹಾಕಿಕೊಂಡಿದ್ದರು. ಗಿಡಮೂಲಿಕೆ, ಕೂದಲಿನ ಎಣ್ಣೆ ಮಾರಲು ಆಫ್ರಿಕಾದ ಊರೂರು ಸುತ್ತುವ ಜನ ಅವರು. ಮೈಸೂರು, ಶಿವಮೊಗ್ಗ, ದಾವಣಗೆರೆ ಜಿಲ್ಲೆಯವರು. ಡಾರ್ಫುರ್‌ನ ಅಲ್‌–ಫಶೇರ್ ಎಂಬ ಊರಿನಲ್ಲಿ 31 ಜನ ಅನ್ನ ನೀರಿಲ್ಲದೆ ಕೂತಿದ್ದಾರೆ ಅಂತ ಆಗ ವಿರೋಧ ಪಕ್ಷದ ನಾಯಕರಾಗಿದ್ದ ಸಿದ್ದರಾಮಯ್ಯ ಟ್ವೀಟ್ ಮಾಡಿದರು. ಜೀವದ ವಿಷಯದಲ್ಲಿ ರಾಜಕೀಯ ಬೇಡ ಅಂತ ವಿದೇಶಾಂಗ ಸಚಿವ ಜೈಶಂಕರ್ ತಿರುಗೇಟು ಕೊಟ್ಟರು. ವಿಧಾನಸಭೆ ಚುನಾವಣೆ ಎದುರಿಗಿತ್ತು. ಇನ್ನೇನು ಬೇಕು? ನಮ್ಮ ಚಾನೆಲ್‌ಗಳಿಗೆ ಅಲ್‌–ಫಶೇರ್ ಬಾಯಿಪಾಠವಾಯಿತು. ಭೂಪಟ ಹಾಕಿದರು, ಬಾಣದ ಗುರುತು ಹಾಕಿದರು, ಅಲ್ಲಿಂದ ಕಳಿಸಿದ ಮೊಬೈಲ್ ವಿಡಿಯೋ ಹತ್ತು ಸಲ ತೋರಿಸಿದರು. ಆ ಕೆಲಸ ಒಳ್ಳೆಯದೇ. ಸದ್ದಾಗಿದ್ದಕ್ಕೇ ವ್ಯವಸ್ಥೆ ಅಲ್ಲಾಡಿತು ಅಂತ ನಂಬುವವನು ನಾನು. ಏಪ್ರಿಲ್ 24ಕ್ಕೆ ‘ಆಪರೇಷನ್ ಕಾವೇರಿ’ ಶುರುವಾಯಿತು. ಪೋರ್ಟ್ ಸುಡಾನ್‌ನಿಂದ ಹಡಗು, ಜೆಡ್ಡಾದಿಂದ ವಿಮಾನ. ಒಟ್ಟು 3,862 ಜನರನ್ನು ಕರೆತಂದರು. ನಮ್ಮವರೂ ಬಂದರು. ವಿಮಾನ ನಿಲ್ದಾಣದಲ್ಲಿ ಹೂವು, ಬೈಟು, ಕಣ್ಣೀರು.

‘ಕನ್ನಡಿಗರು ಸೇಫ್.’

ಅಲ್ಲಿಗೆ ಸುಡಾನ್ ಮುಗಿಯಿತು. ನಮ್ಮ ಮಟ್ಟಿಗೆ.

ಅಲ್ಲಿ ಮುಗಿದಿರಲಿಲ್ಲ. ಮನೆ ಬಿಟ್ಟು ಹೊರಟವರು 1 ಕೋಟಿ ದಾಟಿದರು. 2011ರ ಜನಗಣತಿಯಲ್ಲಿ ಬೆಂಗಳೂರು ನಗರ ಜಿಲ್ಲೆಯ ಜನಸಂಖ್ಯೆ 96 ಲಕ್ಷ. ಇಡೀ ಬೆಂಗಳೂರು, ಯಲಹಂಕದಿಂದ ಆನೇಕಲ್‌ವರೆಗೆ, ಗಂಟುಮೂಟೆ ಕಟ್ಟಿ ರಸ್ತೆಗೆ ಇಳಿದ ಹಾಗೆ. 2024ರ ಮೇ ಹೊತ್ತಿಗೆ ಆರ್‌ಎಸ್‌ಎಫ್ ಪಡೆ ಅಲ್‌–ಫಶೇರ್‌ಗೆ ಮುತ್ತಿಗೆ ಹಾಕಿತು. ಆ ವರ್ಷ ಆಗಸ್ಟ್‌ನಲ್ಲಿ ಊರಿನ ಪಕ್ಕದ ಝಂಝಂ ಶಿಬಿರದಲ್ಲಿ ಕ್ಷಾಮ ಅಂತ ಘೋಷಣೆಯಾಯಿತು. ಒಂದೂವರೆ ವರ್ಷ ಹಸಿವಿನಲ್ಲಿ ಕೂತ ಊರು 2025ರ ಅಕ್ಟೋಬರ್ 26ರಂದು ಆರ್‌ಎಸ್‌ಎಫ್ ಕೈಗೆ ಬಿತ್ತು. ಅಲ್ಲಿನ ಹೆರಿಗೆ ಆಸ್ಪತ್ರೆಯಲ್ಲೇ 460ಕ್ಕೂ ಹೆಚ್ಚು ರೋಗಿಗಳು ಮತ್ತು ಅವರ ಜೊತೆಗಿದ್ದವರು ಹತರಾದ ವರದಿ ಬಂದಿದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿತು. ಹೆರಿಗೆ ಆಸ್ಪತ್ರೆ.

ಆ ವಾರ ನಮ್ಮ ಚಾನೆಲ್‌ಗಳಿಗೆ ಮುಖ್ಯಮಂತ್ರಿ ಬದಲಾಗುತ್ತಾರೆ ಎನ್ನುವ ‘ನವೆಂಬರ್ ಕ್ರಾಂತಿ’ಯೇ ತಿಂಡಿ, ಅದೇ ಊಟ. ಯಾರು ದೆಹಲಿಗೆ ಹೋದರು, ಯಾರು ಯಾರ ಮನೆಯಲ್ಲಿ ಊಟ ಮಾಡಿದರು. ಅಲ್‌–ಫಶೇರ್ ಬಗ್ಗೆ ಕನ್ನಡದಲ್ಲಿ ಯಾರೂ ಬರೆಯಲಿಲ್ಲ ಅಂತ ನಾನು ಹೇಳುತ್ತಿಲ್ಲ. ನನ್ನ ಮನೆಗೆ ಬರುವ ಎರಡು ಪೇಪರ್‌ಗಳಲ್ಲೂ ಬಂತು, ಏಜೆನ್ಸಿ ಸುದ್ದಿ, ಒಳಪುಟ. ಆದರೆ ‘ಇದು ಎರಡು ವರ್ಷದ ಹಿಂದೆ ನಮ್ಮ ಹಕ್ಕಿಪಿಕ್ಕಿಗಳು ಸಿಕ್ಕಿಕೊಂಡಿದ್ದ ಊರೇ’ ಅನ್ನುವ ಒಂದು ಸಾಲು ಎರಡರಲ್ಲೂ ಇರಲಿಲ್ಲ. ಹೆಸರಿನ ಕಾಗುಣಿತ ಕೂಡ ಬದಲಾಗಿತ್ತು.

ನಾನು ಡೆಸ್ಕಿನಲ್ಲಿ ಇದ್ದಿದ್ದರೆ ನನಗೂ ಹೊಳೆಯುತ್ತಿರಲಿಲ್ಲವೇನೋ. ಈಗ ಹೊತ್ತು ಇದೆ, ಹೊಳೆಯುತ್ತದೆ. ಆ 31 ಜನ ಅಲ್‌–ಫಶೇರ್‌ನಲ್ಲಿ ಯಾರದೋ ಮನೆಯಲ್ಲಿ ಬಾಡಿಗೆಗೆ ಇದ್ದರಲ್ಲ? ಗುಂಡಿನ ಸದ್ದು ಕೇಳಿದಾಗ ಯಾರೋ ಅವರಿಗೆ ನೀರು ಕೊಟ್ಟಿರಬೇಕಲ್ಲ? ಯಾವ ಸಂತೆಯಲ್ಲಿ ಎಣ್ಣೆ ಮಾರುತ್ತಿದ್ದರು, ಯಾವ ಹೆಂಗಸರು ಕೊಳ್ಳುತ್ತಿದ್ದರು? ಅವರೆಲ್ಲ ಈಗ ಎಲ್ಲಿದ್ದಾರೆ? ಇದನ್ನು ಕೇಳಲು ಸುಡಾನಿಗೆ ವರದಿಗಾರರನ್ನು ಕಳಿಸಬೇಕಿಲ್ಲ. ಹುಣಸೂರು ತಾಲ್ಲೂಕಿನ ಪಕ್ಷಿರಾಜಪುರ ಹಕ್ಕಿಪಿಕ್ಕಿಗಳದ್ದೇ ಊರು. ಸ್ಯಾಟಲೈಟ್ ಬಸ್‌ಸ್ಟ್ಯಾಂಡಿನಿಂದ ಹುಣಸೂರಿಗೆ ಬೇಕಾದಷ್ಟು ಬಸ್ ಇವೆ. ಡಾರ್ಫುರ್‌ನ ಸಂತೆ ನೋಡಿದವರು ಕನ್ನಡದಲ್ಲೇ ಮಾತಾಡುತ್ತಾರೆ. ಇಂಥ ಭಾಗ್ಯ ದೊಡ್ಡ ದೊಡ್ಡ ಇಂಗ್ಲಿಷ್ ಪತ್ರಿಕೆಗಳಿಗೂ ಇಲ್ಲ.

ಮತ್ತೆ 2023ಕ್ಕೇ ಬರುತ್ತೇನೆ. ಆ ವರ್ಷ ಜೂನ್ 2ರಂದು ಒಡಿಶಾದ ಬಾಲೇಶ್ವರ ಜಿಲ್ಲೆಯ ಬಹನಾಗಾ ಬಜಾರ್ ನಿಲ್ದಾಣದಲ್ಲಿ ಮೂರು ರೈಲು ಡಿಕ್ಕಿಯಾದವು. 290ಕ್ಕೂ ಹೆಚ್ಚು ಸಾವು. ಅದರಲ್ಲೊಂದು ರೈಲು ಹೊರಟಿದ್ದು ನಮ್ಮ ಬೈಯಪ್ಪನಹಳ್ಳಿಯ ಸರ್ ಎಂ. ವಿಶ್ವೇಶ್ವರಯ್ಯ ಟರ್ಮಿನಲ್‌ನಿಂದ, ಹೌರಾ ಕಡೆಗೆ. ಈ ಸುದ್ದಿಗೆ ನಮ್ಮಲ್ಲಿ ಜಾಗ ಕಮ್ಮಿಯಾಗಲಿಲ್ಲ, ಒಪ್ಪುತ್ತೇನೆ. ಆದರೆ ನನ್ನ ಕಿವಿಯಲ್ಲಿ ಉಳಿದಿರುವ ಸಾಲು ಯಾವುದು ಗೊತ್ತಾ? ಕಳಸದ ಕಡೆಯಿಂದ ಜೈನರ ಯಾತ್ರಾಸ್ಥಳ ಸಮ್ಮೇದ ಶಿಖರ್ಜಿಗೆ ಹೊರಟಿದ್ದ ನೂರಕ್ಕೂ ಹೆಚ್ಚು ಯಾತ್ರಿಕರು ಸುರಕ್ಷಿತ. ಅವರು ಉಳಿದದ್ದು ಸಮಾಧಾನದ ವಿಷಯವೇ, ಬೇಡ ಅಂದವರಾರು? ಬೆಂಗಳೂರಿನ ರೈಲಿನಲ್ಲಿ ಪೆಟ್ಟು ಬಿದ್ದದ್ದು ಹಿಂದಿನ ಬೋಗಿಗಳಿಗೆ. ಅಲ್ಲಿ ಇದ್ದದ್ದು ಜನರಲ್ ಬೋಗಿ. ಟಿಕೆಟ್ ರಿಸರ್ವ್ ಮಾಡಿಸದವರ ಹೆಸರಿನ ಪಟ್ಟಿ ರೈಲ್ವೆಯ ಹತ್ತಿರವೂ ಇರುವುದಿಲ್ಲ.

ಆ ರೈಲಿನ ಜನರಲ್ ಬೋಗಿಗೆ ಬೆಂಗಳೂರಿನಲ್ಲಿ ಯಾರು ಹತ್ತುತ್ತಾರೆ? ವೈಟ್‌ಫೀಲ್ಡ್, ಬೆಳ್ಳಂದೂರಿನಲ್ಲಿ ಸೆಂಟ್ರಿಂಗ್ ಕಟ್ಟುವವರು, ಟೈಲ್ಸ್ ಹಾಕುವವರು, ಹೋಟೆಲಿನಲ್ಲಿ ತಟ್ಟೆ ತೊಳೆಯುವವರು. ಬಂಗಾಳದವರು, ಒಡಿಶಾದವರು. ನಾನು ಈಗ ಕೂತು ಬರೆಯುತ್ತಿರುವ ಮನೆಯ ನೆಲದ ಟೈಲ್ಸ್ ಹಾಕಿದವರು ಮಾಲ್ದಾದ ಇಬ್ಬರು ಅಣ್ಣತಮ್ಮಂದಿರು. ಇಪ್ಪತ್ತು ವರ್ಷ ಈ ಊರಿನಲ್ಲಿ ದುಡಿದರೂ ‘ಕನ್ನಡಿಗರು ಸೇಫ್’ ಎನ್ನುವ ಲೆಕ್ಕಕ್ಕೆ ಅವರು ಬರುವುದಿಲ್ಲ. ಬಂಗಾಳದ ಪತ್ರಿಕೆಗಳಿಗೆ ಅವರು ಬೆಂಗಳೂರಿಗೆ ಹೋದವರು. ನಮಗೆ ಬಂಗಾಳದವರು. ಅಪಘಾತವಾಗಿ ನಾಲ್ಕು ತಿಂಗಳಾದ ಮೇಲೆ, ಯಾರೂ ಕೇಳಿಕೊಂಡು ಬರದ 28 ಶವಗಳನ್ನು ಭುವನೇಶ್ವರದಲ್ಲಿ ಸುಟ್ಟರು. ಆ 28ರಲ್ಲಿ ನಮ್ಮ ಸ್ಟೇಷನ್ನಿನಲ್ಲಿ ಟೀ ಕುಡಿದು ರೈಲು ಹತ್ತಿದವರು ಎಷ್ಟು ಜನ? ನಾವು ಹುಡುಕಿಕೊಂಡು ಹೋಗಲೇ ಇಲ್ಲ.

ಆ ರೈಲು ಅಪಘಾತಕ್ಕೂ ತಿಂಗಳು ಮುಂಚೆ, ಮೇ 3ಕ್ಕೆ ಮಣಿಪುರ ಹೊತ್ತಿಕೊಂಡಿತ್ತು. ನಮ್ಮಲ್ಲಿ ಮೇ 10ಕ್ಕೆ ಮತದಾನ. ಜುಲೈ 19ಕ್ಕೆ, ಹೆಂಗಸರನ್ನು ಬೆತ್ತಲೆ ಮೆರವಣಿಗೆ ಮಾಡಿದ ಆ ವಿಡಿಯೋ ಹೊರಬರುವವರೆಗೆ ಎಲ್ಲರಿಗೂ ಮಣಿಪುರ ಅಂದರೆ ಎಲ್ಲೋ ಮೂಲೆ. 2012ರಿಂದ ನಾವು ಏನೂ ಕಲಿತಿರಲಿಲ್ಲ ಅಂತ ಮಾತ್ರ ಹೇಳಿ ಮುಂದೆ ಹೋಗುತ್ತೇನೆ.

ಈಗ ನೀವು ಹೇಳುವ ಮಾತು ನನಗೆ ಗೊತ್ತು. ನಾನೂ ಮೀಟಿಂಗ್‌ಗಳಲ್ಲಿ ಅದನ್ನೇ ಹೇಳುತ್ತಿದ್ದೆ. ‘ಸಾರ್, ಜನಕ್ಕೆ ಹತ್ತಿರದ್ದು ಬೇಕು. ಪಕ್ಕದ ಬೀದಿಯ ಆಕ್ಸಿಡೆಂಟ್ ಓದ್ತಾರೆ, ಪೆರುವಿನ ಭೂಕಂಪ ಓದಲ್ಲ.’ ನಿಜ. ನಮ್ಮ ಮನೆಯ ಸಾವಿಗೆ ಅಳುವ ಹಾಗೆ ಲೋಕದ ಎಲ್ಲ ಸಾವಿಗೂ ಅಳಲು ಯಾರಿಂದಲೂ ಆಗದು, ಅಳಬೇಕಾಗಿಯೂ ಇಲ್ಲ. 2025ರ ಜೂನ್ 4ರಂದು ಚಿನ್ನಸ್ವಾಮಿ ಎದುರು ಕಾಲ್ತುಳಿತದಲ್ಲಿ 11 ಜನ ಸತ್ತಾಗ ನನಗೆ ಆದ ಸಂಕಟ ಬೇರೆಯೇ. ಆ ಗೇಟು, ಆ ಫುಟ್‌ಪಾತು ನನಗೆ ಗೊತ್ತು. ಇದಕ್ಕೆ ನಾಚಿಕೆ ಪಡಬೇಕಿಲ್ಲ.

ಆದರೆ ನಾವು ನಿಜವಾಗಿ ಅಳೆಯುವುದು ದೂರವನ್ನಾ? 2023ರ ಜೂನ್ 14ರಂದು ಗ್ರೀಸ್‌ನ ಪೈಲೋಸ್ ಬಳಿ ವಲಸಿಗರ ಮೀನುಗಾರಿಕೆ ಹಡಗು ಮುಳುಗಿತು. ಅದರಲ್ಲಿ 750ರವರೆಗೂ ಜನ ಇದ್ದರು ಅಂತ ಅಂದಾಜು. ಪಾಕಿಸ್ತಾನ, ಈಜಿಪ್ಟ್, ಸಿರಿಯಾದ ಬಡವರು. ಬದುಕಿ ಬಂದವರು 104. ನಾಲ್ಕು ದಿನದ ಮೇಲೆ, ಜೂನ್ 18ಕ್ಕೆ, ಟೈಟಾನಿಕ್ ಅವಶೇಷ ನೋಡಲು ಹೋದ ‘ಟೈಟನ್’ ಎಂಬ ಸಬ್‌ಮರ್ಸಿಬಲ್ ಅಟ್ಲಾಂಟಿಕ್‌ನಲ್ಲಿ ಕಾಣೆಯಾಯಿತು. ಅದರಲ್ಲಿ ಐದು ಜನ. ಒಂದು ಸೀಟಿಗೆ 2.5 ಲಕ್ಷ ಡಾಲರ್. ನ್ಯೂಫೌಂಡ್‌ಲ್ಯಾಂಡ್ ಕಡಲು ಬೆಂಗಳೂರಿಗೆ ಗ್ರೀಸ್‌ಗಿಂತ ಹತ್ತಿರವಾ? ಕನ್ನಡಿಗರು ಎರಡರಲ್ಲೂ ಇರಲಿಲ್ಲ. ಪಾಕಿಸ್ತಾನ ಮೂಲದವರು ಎರಡರಲ್ಲೂ ಇದ್ದರು. ಆದರೂ ನಮ್ಮ ಟಿವಿಗಳಲ್ಲಿ ಯಾವುದಕ್ಕೆ ಗಡಿಯಾರ ಇಟ್ಟರು? ‘ಇನ್ನು 40 ಗಂಟೆ ಆಕ್ಸಿಜನ್’, ‘ಇನ್ನು 20 ಗಂಟೆ’. ಗ್ರಾಫಿಕ್ಸ್‌ನಲ್ಲಿ ಸಬ್‌ಮರ್ಸಿಬಲ್ ತಿರುಗಿದ್ದೇ ತಿರುಗಿದ್ದು. ನಾನೂ ನಾಲ್ಕು ರಾತ್ರಿ ಎದ್ದು ಕೂತು ನೋಡಿದೆ. ನನ್ನ ಹೆಂಡತಿ ಕಾಫಿ ಮಾಡಿಕೊಟ್ಟಳು. ಗ್ರೀಸ್‌ನ ಹಡಗಿನ ಬಗ್ಗೆ ನನಗೆ ತಿಳಿದದ್ದು ಅದಾಗಿ ಹತ್ತು ದಿನದ ಮೇಲೆ, ಮಗಳು ಹೇಳಿ.

ಐದು ಜನರ ಕಥೆಗೆ ಕೊನೆ ಏನಾಗುತ್ತದೋ ಅನ್ನುವ ಕುತೂಹಲ ಇತ್ತು, ಒಬ್ಬೊಬ್ಬರಿಗೂ ಹೆಸರು, ಮುಖ ಇತ್ತು. 600 ಜನರಿಗೆ ಅದು ಯಾವುದೂ ಇರಲಿಲ್ಲ. ಹೆಸರು, ಮುಖ ಹುಡುಕಿ ಕೊಡುವುದು ಯಾರ ಕೆಲಸ? ನಮ್ಮದೇ.

ನಾವೇ ‘ದೂರದವರು’ ಆದಾಗ ಹೇಗಿರುತ್ತದೆ ಅಂತ 2024ರಲ್ಲಿ ಗೊತ್ತಾಯಿತು. ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿ ಪಕ್ಕದ ಗುಡ್ಡ ಕುಸಿಯಿತು. ಟೀ ಅಂಗಡಿ ನಡೆಸುತ್ತಿದ್ದ ಒಂದು ಕುಟುಂಬ ಮಣ್ಣಿನಡಿ ಹೋಯಿತು. ಮರದ ದಿಮ್ಮಿ ಹೊತ್ತ ಕೇರಳದ ಲಾರಿ ಚಾಲಕನೊಬ್ಬನೂ ಗಂಗಾವಳಿ ನದಿಯ ಪಾಲಾದ. ಮಲಯಾಳಂ ಚಾನೆಲ್‌ಗಳು ಬಂದವು. ವಾರಗಟ್ಟಲೆ ಅಲ್ಲೇ ಬೀಡುಬಿಟ್ಟವು. ಅವರು ಹುಡುಕಿದ್ದು ಅವರ ಒಬ್ಬನನ್ನು. ನಮ್ಮ ಕಡೆಯ ಕೆಲವರಿಗೆ ಅದು ಸಿಟ್ಟು ತರಿಸಿತು, ‘ನಮ್ಮವರ ಸಾವು ಇವರಿಗೆ ಕಾಣಲ್ವಾ?’ ಅಂತ. ಆ ಪ್ರಶ್ನೆ ಕೇಳಿ ನನಗೆ ಒಂಥರಾ ಆಯಿತು. ಬೆಂಗಳೂರಿನಿಂದ ಆ ಸಿಟ್ಟು ಮಾಡುತ್ತಿದ್ದ ನಾವು ಎಷ್ಟು ದಿನ ಶಿರೂರಿನಲ್ಲಿ ಇದ್ದೆವು? ಮಲಯಾಳಿಗಳು ಬಿಡಲಿಲ್ಲ. ಸೇನೆ ಬಂತು, ಗೋವಾದಿಂದ ಡ್ರೆಜರ್ ಬಂತು. ಸೆಪ್ಟೆಂಬರ್ 25ಕ್ಕೆ ಲಾರಿ ಸಿಕ್ಕಿತು, ಒಳಗೆ ಆತನ ದೇಹವೂ ಸಿಕ್ಕಿತು. ಎರಡು ತಿಂಗಳಾದ ಮೇಲೂ ನದಿಯೊಳಗೆ ಯಂತ್ರ ಇಳಿಯಿತು ಅಂದರೆ ಅದಕ್ಕೆ ಕ್ಯಾಮೆರಾಗಳೂ ಒಂದು ಕಾರಣ. ನಮ್ಮವರಿಬ್ಬರು ಸಿಗದೇ ಉಳಿದರು. ಅವರಿಗೆ ಅಷ್ಟು ಕ್ಯಾಮೆರಾ ಇರಲಿಲ್ಲ.

ಇನ್ನೊಂದು ಮಾತು, ಇದು ಪೂರ್ತಿ ಒಳಮನೆಯದು. ಒಂದೊಂದು ಕಡೆಗೆ ಬೇರೆ ಬೇರೆ ಪುಟ ಹಾಕುವ ಆವೃತ್ತಿ ಅನ್ನುವ ವ್ಯವಸ್ಥೆ ನಮ್ಮ ರಾಜ್ಯದೊಳಗೇ ಗೋಡೆ ಕಟ್ಟಿದೆ. ರಾಯಚೂರಿನ ಸುದ್ದಿ ರಾಯಚೂರಿನವರೇ ಓದಬೇಕು. ನನ್ನ ತಾಯಿಯ ತವರು ಮಲಪ್ರಭಾ ದಂಡೆ. 2009ರ ಪ್ರವಾಹದಲ್ಲಿ ಉತ್ತರ ಕರ್ನಾಟಕದಲ್ಲಿ ಇನ್ನೂರಕ್ಕೂ ಹೆಚ್ಚು ಜನ ಸತ್ತರು. ಮೊದಲ ವಾರ ಎಲ್ಲ ಆವೃತ್ತಿಯಲ್ಲೂ ಮುಖಪುಟ. ಆಮೇಲೆ ಕಟ್ಟಿಕೊಟ್ಟ ‘ಆಸರೆ’ ಮನೆಗಳ ಗತಿ ಏನಾಯಿತು ಅನ್ನುವುದು ಜಿಲ್ಲಾ ಪುಟದಲ್ಲೇ ಉಳಿಯಿತು. ನನ್ನ ಸೋದರಮಾವನ ಮನೆಯ ಕಥೆ ನಾನು ಕೆಲಸ ಮಾಡುತ್ತಿದ್ದ ಪತ್ರಿಕೆಯಲ್ಲೇ ಬಂದಿತ್ತು. ಬೆಂಗಳೂರಿನಲ್ಲಿ ಕೂತ ನನಗೆ ಅದು ಕಾಣಲಿಲ್ಲ. ಮಾವ ಫೋನ್ ಮಾಡಿ ಬೈದ ಮೇಲೆ ತರಿಸಿ ಓದಿದೆ.

ನಾನು ಕೇಳುತ್ತಿರುವುದು ಹೆಚ್ಚೇನಲ್ಲ. ಟಿಆರ್‌ಪಿ ಬಿಡಿ ಅನ್ನುತ್ತಿಲ್ಲ, ಬಿಡಲು ಆಗದು ಅಂತ ಗೊತ್ತು. ‘ಕನ್ನಡಿಗರು ಇದ್ದಾರಾ’ ಅಂತ ಕೇಳುವುದನ್ನೂ ಬಿಡಬೇಡಿ, ಅದು ನಿಮ್ಮ ಕರ್ತವ್ಯ. ‘ಸೇಫ್’ ಅಂತ ಉತ್ತರ ಬಂದ ಮೇಲೆ ಇನ್ನೊಂದು ಪ್ರಶ್ನೆ ಕೇಳಿ, ಅಷ್ಟೇ. ಉಳಿದವರು?

ಡೆಸ್ಕಿನಲ್ಲಿ ಒಂದು ಇನ್ನೂರು ಪೇಜಿನ ನೋಟ್‌ಬುಕ್ ಇಡಿ. ದೊಡ್ಡದಾಗಿ ಬಂದು ಹೋದ ಪ್ರತಿ ದುರಂತದ ಊರಿನ ಹೆಸರು, ಒಂದೇ ಕಾಗುಣಿತದಲ್ಲಿ, ಅದರಲ್ಲಿ ಬರೆಯಿರಿ. ಪಕ್ಕದಲ್ಲಿ ಆರು ತಿಂಗಳ ಮುಂದಿನ ಒಂದು ತಾರೀಕು. ಆ ದಿನ ಬಂದಾಗ ಅಲ್ಲಿ ಏನಾಗಿದೆ ಅಂತ ನೋಡಿ ಒಂದು ಕಾಲಂ ಹಾಕಿ. ಜಾಜರ್‌ಕೋಟ್, ಅಲ್‌–ಫಶೇರ್, ಬಹನಾಗಾ, ಶಿರೂರು. ಟ್ರೈನಿ ಹುಡುಗಿಯೊಬ್ಬಳಿಗೆ ವಹಿಸಿದರೂ ನಡೆಯುತ್ತದೆ. ಅವಳಿಗೆ ದಯವಿಟ್ಟು ಒಳ್ಳೆಯ ಸಂಬಳ ಕೊಡಿ.

ಮತ್ತೆ, ಈ ಊರಿನ ಗೇಟುಗಳಲ್ಲಿ ಕೂತವರನ್ನು ಮಾತಾಡಿಸಿ. ನೇಪಾಳದ ಸುದ್ದಿಗೆ ಕಠ್ಮಂಡುವಿನ ಏಜೆನ್ಸಿ ಕಾಪಿಯೇ ಆಗಬೇಕಿಲ್ಲ. ನಮ್ಮ ವಾಚ್‌ಮನ್ ಅಕ್ಕ ಬದುಕಿದಳು, ಎರಡನೇ ದಿನ ಸಂಜೆ ಫೋನ್ ಸಿಕ್ಕಿತು. ಮನೆ ಉಳಿಯಲಿಲ್ಲ. ಆ ಚಳಿಗಾಲವನ್ನು ಅವಳು ಟಾರ್ಪಾಲಿನ ಕೆಳಗೆ ಕಳೆದಳು ಅಂತ ಅವನು ಹೇಳಿದ್ದು ನನಗೊಬ್ಬನಿಗೆ. ಅವನ ಊರಿನವರೇ ಹನ್ನೆರಡು ಜನ ನಮ್ಮ ಏರಿಯಾದಲ್ಲಿ ಕೆಲಸ ಮಾಡುತ್ತಾರೆ. ವರದಿಗಾರರನ್ನು ಕಳಿಸುವುದಾದರೆ ಬೆಳಿಗ್ಗೆ ಏಳೂವರೆಗೆ ಕಳಿಸಿ. ಎಂಟಕ್ಕೆ ಡ್ಯೂಟಿ ಬದಲಾಗುತ್ತದೆ, ರಾತ್ರಿಯವರು, ಹಗಲಿನವರು ಇಬ್ಬರೂ ಸರ್ಕಲ್ಲಿನ ಟೀ ಅಂಗಡಿಯಲ್ಲಿ ಸಿಗುತ್ತಾರೆ. ಹಿಂದಿ ಬಂದರೆ ಸಾಕು, ಕನ್ನಡವೂ ಅಲ್ಪಸ್ವಲ್ಪ ನಡೆಯುತ್ತದೆ. ಹೋದ ತಕ್ಷಣ ಅವರ ಹೆಸರು ಕೇಳಲು ಹೇಳಿ.

ಇಂತಿ,
ಒಬ್ಬ ನಿವೃತ್ತ ಉಪಸಂಪಾದಕ
ತ್ಯಾಗರಾಜನಗರ, ಬೆಂಗಳೂರು